ಕರಿಜಾಲಿಯ ಹೊರಗಿನ ಶಕ್ತಿ

ಗಂಗಾವತಿಯಿಂದ ಮರಳಿ ಎಂಬ ಊರು ದಾಟಿ ಕಾಲುವೆಯ ಏರಿ ಹಿಡಿದು ಹೋದರೆ ಮೊದಲು ಡಾಂಬರು ಮುಗಿಯುತ್ತದೆ, ಆಮೇಲೆ ಖಡಿ ಮುಗಿಯುತ್ತದೆ, ಕಡೆಗೆ ಕಾಲುವೆಯೊಳಗಿನ ನೀರೂ ಮುಗಿಯುತ್ತದೆ. ಅಲ್ಲಿಗೆ ಕರಿಜಾಲಿ ಬಂತು ಎಂದು ತಿಳಿಯಬೇಕು. ಈ ಊರಿಗೆ ಬಸ್ಸು ಬರುವುದಿಲ್ಲ, ಡಾಕ್ಟರು ಬರುವುದಿಲ್ಲ. ಓಟು ಕೇಳಲು ಬಂದವರು ಸಹ ಗಾಡಿಯಿಂದ ಇಳಿಯದೆ ಕೈ ಬೀಸಿ ಹೋಗಿಬಿಡುತ್ತಾರೆ. ಇಂಥ ಊರಿಗೆ ಹೊರಗಿನ ಶಕ್ತಿಗಳು ಬಂದಿವೆ ಎಂದು ಸ್ವತಃ ಮಂತ್ರಿಗಳೇ ಟಿವಿಯಲ್ಲಿ ಹೇಳಿದಾಗ ಊರವರಿಗೆ ಭಯವಾಗಲಿಲ್ಲ, ಹೆಮ್ಮೆಯಾಯಿತು.

"ಬಸ್ಸ ಬರಂಗಿಲ್ಲ, ಹೊರಗಿನ ಶಕ್ತಿ ಹೆಂಗ ಬಂತಲೇ?" ಎಂದು ಕಟ್ಟೆಯ ಮೇಲೆ ಒಬ್ಬರು ಕೇಳಿದರು.

"ನಡಕೋಂತ ಬಂದಿರಬೇಕು, ಪಾಪ," ಎಂದರು ಮತ್ತೊಬ್ಬರು.

ಮಂತ್ರಿಗಳು ಹೇಳಿದ್ದು ಇಷ್ಟು. ಕರಿಜಾಲಿಯ ರೈತರು ಮುಗ್ಧರು. ಅವರನ್ನು ಮುಂದಿಟ್ಟುಕೊಂಡು ಹೊರಗಿನ ಶಕ್ತಿಗಳು ಕಾಲುವೆ ಆಫೀಸಿನ ಮುಂದೆ ಸ್ಫೋಟ ನಡೆಸಿವೆ. ಯಾರೇ ಆಗಲಿ, ಎಷ್ಟೇ ದೊಡ್ಡವರಾಗಲಿ, ಬಿಡುವ ಮಾತಿಲ್ಲ.

ಈ ಸ್ಫೋಟದ ಹಕೀಕತ್ತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ನೀವೂ ಮಂತ್ರಿಗಳ ಹಾಗೆ ಏನೇನೋ ಅಂದುಕೊಳ್ಳುತ್ತೀರಿ. ಬೇಸಿಗೆಯ ಭತ್ತ ಹಾಲುಗಾಳು ಹಿಡಿಯುವ ಹೊತ್ತಿನಲ್ಲಿ ಈ ಕಡೆಯವರಿಗೆ ಎರಡೇ ಚಿಂತೆ. ಒಂದು ನೀರು, ಇನ್ನೊಂದು ಹಕ್ಕಿ. ನೀರು ಬಾ ಎಂದರೆ ಬರುವುದಿಲ್ಲ, ಹಕ್ಕಿ ಹೋಗು ಎಂದರೆ ಹೋಗುವುದಿಲ್ಲ. ಹಕ್ಕಿ ಎಬ್ಬಿಸಲಿಕ್ಕೆ ಹೊಲಗಳಲ್ಲಿ ಒಂದು ಪ್ಲಾಸ್ಟಿಕ್ ಪೈಪು ಇಟ್ಟುಕೊಂಡಿರುತ್ತಾರೆ. ಅದರ ಹಿಂದುಗಡೆ ಗ್ಯಾಸ್ ಒಲೆ ಹಚ್ಚುವ ಲೈಟರ್ ಕೂಡಿಸಿರುತ್ತಾರೆ. ಒಳಗೆ ಚೂರು ಕಾರ್ಬೈಡ್ ಹಾಕಿ, ನಾಲ್ಕು ಹನಿ ನೀರು ಬಿಟ್ಟು, ಅಲುಗಾಡಿಸಿ, ಲೈಟರ್ ಒತ್ತಿದರೆ ಢಂ ಎನ್ನುತ್ತದೆ. ಗುಂಡೂ ಇಲ್ಲ, ಗೋಲಿಯೂ ಇಲ್ಲ, ಬರೀ ಸದ್ದು. ಗುಬ್ಬಿಗಳು ಎದ್ದು ಪಕ್ಕದ ಹೊಲಕ್ಕೆ ಹೋಗಿ ಕೂಡುತ್ತವೆ, ಅಲ್ಲಿಯವರು ಢಂ ಎನ್ನಿಸಿದಾಗ ಇಲ್ಲಿಗೇ ವಾಪಸು ಬರುತ್ತವೆ.

ಆ ದಿನ ನೀರು ಕೇಳಲು ಊರೆಲ್ಲ ಕಾಲುವೆ ಆಫೀಸಿಗೆ ಹೋಗಿತ್ತು. ಕಸ್ತೂರೆಮ್ಮ ಹೊಲದಿಂದ ನೆಟ್ಟಗೆ ಅಲ್ಲಿಗೆ ಬಂದಿದ್ದಳು, ಪೈಪು ಕಂಕುಳಲ್ಲೇ ಇತ್ತು. ಇಂಜಿನಿಯರ್ ಸಾಹೇಬರು ಹೊರಗೆ ಬಂದು, "ಮ್ಯಾಲಿಂದ ನೀರು ಬಿಟ್ಟಾರ. ದಾರಿಯೊಳಗ ಎಲ್ಲಿ ಹೊಂಟೈತೋ ನನಗೇನು ಗೊತ್ತು?" ಎಂದರು. ಅದಕ್ಕೆ ಎಲ್ಲರೂ ಒಂದೇ ಸಲ ಬಾಯಿ ಮಾಡಿದರು. ಕಸ್ತೂರೆಮ್ಮನಿಗೂ ಎರಡು ಮಾತು ಹೇಳುವುದಿತ್ತು. ಆದರೆ ಆ ಗದ್ದಲದಲ್ಲಿ ಯಾರ ಮಾತು ಯಾರಿಗೆ ಕೇಳಬೇಕು? ಗದ್ದಲ ಅಡಗಿಸಲು ಅವಳಿಗೆ ಗೊತ್ತಿದ್ದ ಉಪಾಯ ಒಂದೇ. ಕುಡಿಯುವ ಬಾಟ್ಲಿಯಿಂದ ನಾಲ್ಕು ಹನಿ ನೀರು ಬಿಟ್ಟು, ಪೈಪು ಆಕಾಶಕ್ಕೆ ಹಿಡಿದು ಒತ್ತಿಯೇಬಿಟ್ಟಳು. ಅಲ್ಲೇ ನಿಂತಿದ್ದ ಆಫೀಸಿನ ಜೀಪಿನ ಮುಂದಿನ ಗಾಜು ಮೊದಲೇ ಬಿರುಕು ಬಿಟ್ಟು ಟೇಪಿನ ಮೇಲೆ ನಿಂತಿತ್ತು. ಅದು ಬೆದರಿ ಬಿದ್ದುಹೋಯಿತು. ಇಂಜಿನಿಯರ್ ಸಾಹೇಬರು ಆಫೀಸಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆಯ ಹೊತ್ತಿಗೆ ಟಿವಿಯಲ್ಲಿ ಅದು ಸ್ಫೋಟವಾಗಿತ್ತು, ರಾತ್ರಿಯ ಹೊತ್ತಿಗೆ ಅದರ ಹಿಂದೆ ಶಕ್ತಿಗಳು ಸೇರಿಕೊಂಡಿದ್ದವು.

ಈ ಕಸ್ತೂರೆಮ್ಮನ ಗಂಡನೇ ಗ್ಯಾನಪ್ಪ. ನಮ್ಮ ಕಥೆ ಇವನದು.

ಗ್ಯಾನಪ್ಪ ಯಲಬುರ್ಗಾ ಕಡೆಯ ಎರೆ ಸೀಮೆಯವನು. ಕಸ್ತೂರೆಮ್ಮನ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲವೆಂದು ಮಗಳನ್ನು ಹೊರಗೆ ಕೊಡದೆ, ಗ್ಯಾನಪ್ಪನನ್ನೇ ಮನೆ ಅಳಿಯನಾಗಿ ತಂದಿಟ್ಟುಕೊಂಡಿದ್ದ. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಮಾವ ತೀರಿಹೋದ, ಗ್ಯಾನಪ್ಪನ ತಲೆಯೂ ಬೆಳ್ಳಗಾಯಿತು, ಆದರೆ ಊರಿಗೆ ಅವನು ಇನ್ನೂ ಅಳಿಯನೇ. ಕರಿಜಾಲಿಯವರು ಅಳಿಯನಿಗೆ ಮಾಡುವ ಮರ್ಯಾದೆಯನ್ನು ಬೇರೆ ಕಡೆ ದೇವರಿಗೂ ಮಾಡುವುದಿಲ್ಲ. ಮದುವೆ ಮುಂಜಿ ಯಾವುದೇ ಇರಲಿ, ಮೊದಲ ಎಲೆ ಅವನದು. ಅವನು ಸಲಿಕೆ ಹಿಡಿದರೆ ಯಾರಾದರೂ ಓಡಿಬಂದು, "ಅಯ್ಯ, ಬಿಡ್ರಿ ಅಳ್ಯಾರ, ನೀವ್ಯಾಕ?" ಎಂದು ಕಸಿದುಕೊಳ್ಳುತ್ತಿದ್ದರು. ಊರಿನ ಗಂಡಸರೆಲ್ಲ ಹನುಮಪ್ಪನ ಗುಡಿ ಮುಂದಿನ ಕಲ್ಲುಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂಡುತ್ತಿದ್ದರು. ಅವನು ಬಂದ ಕೂಡಲೇ ಚಾದಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಬರುತ್ತಿತ್ತು. ಕುರ್ಚಿ ಬಂದ ಮೇಲೆ ಮಾತು ನಿಲ್ಲುತ್ತಿತ್ತು. ಒಬ್ಬರು ಮಳೆಯ ಸುದ್ದಿ ತೆಗೆಯುತ್ತಿದ್ದರು, ಇನ್ನೊಬ್ಬರು "ಆರಾಮ ಅದೀರೇನ್ರಿ?" ಎನ್ನುತ್ತಿದ್ದರು. ನಿನ್ನೆ ಸಂಜೆ ನೋಡಿದವನನ್ನು ಇವತ್ತು ಬೆಳಿಗ್ಗೆ ಆರಾಮವೇ ಎಂದು ಕೇಳಿದರೆ ಅವನು ಏನು ಹೇಳಬೇಕು?

ಊರ ಗಂಡಸರು ಒಬ್ಬರನ್ನೊಬ್ಬರು ಲೇ, ಮಗನ ಎಂದು ಬೈದಾಡುತ್ತ ನಗುವುದನ್ನು ಗ್ಯಾನಪ್ಪ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ. ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ತನ್ನನ್ನೂ ಯಾರಾದರೂ ಒಮ್ಮೆ ಮನಸಾರೆ ಬೈಯಬಾರದೇ ಎಂದು ಅವನು ಎಷ್ಟು ಆಸೆಪಟ್ಟಿದ್ದನೆಂದರೆ, ಒಂದು ಸಲ ಬೇಕೆಂದೇ ಎತ್ತನ್ನು ಇನ್ನೊಬ್ಬರ ಹೊಲಕ್ಕೆ ಬಿಟ್ಟಿದ್ದ. ಆ ಹೊಲದವನು ಎತ್ತಿಗೆ ನೀರು ಕುಡಿಸಿ, ಮೈ ಸವರಿ, ಮನೆಗೇ ತಂದು ಕಟ್ಟಿ ಹೋಗಿದ್ದ.

ಕಾಲುವೆ ಆಫೀಸಿನ ಮುಂದಿನ ಗಲಾಟೆಯಲ್ಲೂ ಹಾಗೆಯೇ ಆಗಿತ್ತು. ಊರೆಲ್ಲ ನೆಲದ ಮೇಲೆ ಕುಳಿತು ಧಿಕ್ಕಾರ ಕೂಗುತ್ತಿದ್ದಾಗ, ಅಳಿಯಂದಿರು ಬಿಸಿಲಲ್ಲಿ ನಿಂತಿದ್ದಾರೆಂದು ಯಾರೋ ಒಳಗೆ ಹೋಗಿ ಇಂಜಿನಿಯರ್ ಸಾಹೇಬರದೇ ಕುರ್ಚಿ ತಂದು ಬೇವಿನ ನೆರಳಲ್ಲಿ ಹಾಕಿಕೊಟ್ಟಿದ್ದರು.

ಮಂತ್ರಿಗಳ ಮಾತಾದ ಮರುದಿನ ಸಬ್ ಇನ್ಸ್‌ಪೆಕ್ಟರ್ ಕರಿಬಸಪ್ಪನವರು ಜೀಪಿನಲ್ಲಿ ಊರಿಗೆ ಬಂದರು. ಮನುಷ್ಯ ಕೆಟ್ಟವರಲ್ಲ. ಆದರೆ ಮಂತ್ರಿಗಳು ಹೊರಗಿನವರು ಎಂದುಬಿಟ್ಟಿದ್ದಾರೆ, ಸಂಜೆಯೊಳಗೆ ಒಬ್ಬ ಹೊರಗಿನವನಾದರೂ ಸಿಗಲೇಬೇಕು ಎಂದು ಮೇಲಿನವರು ಫೋನಿನಲ್ಲಿ ಅವರ ಜೀವ ತಿನ್ನುತ್ತಿದ್ದರು. ಕಟ್ಟೆಯ ಮೇಲೆ ಊರ ಹಿರಿಯ ಕುಬೇರಪ್ಪ ಕುಳಿತಿದ್ದ. ಕಸ್ತೂರೆಮ್ಮನ ಅಪ್ಪನಿಗೆ ಖಾಸಾ ತಮ್ಮ, ಅಂದರೆ ಅವಳಿಗೆ ಕಾಕಾ, ಗ್ಯಾನಪ್ಪನಿಗೆ ಚಿಕ್ಕಮಾವ.

"ಹಿರ್ಯಾರ, ಊರಾಗ ಹೊರಗಿನವರು ಯಾರರ ಅದಾರೇನ್ರಿ?" ಕರಿಬಸಪ್ಪ ಕೇಳಿದರು.

ಸರ್ಕಾರದ ಮನುಷ್ಯ ಬಾಯಿ ಬಿಟ್ಟು ಕೇಳಿದ ಮೇಲೆ ಸರಿಯಾದ ಉತ್ತರ ಕೊಡಬೇಕು. ಕಟ್ಟೆಯವರೆಲ್ಲ ಕೂಡಿ ವಿಚಾರ ಮಾಡಿದರು. ಕುರಿಯವರು ಬಂದಿದ್ದರು, ಹೋದರು. ಬಳೆಗಾರ ಬಂದಿದ್ದ, ಹೋದ. ಭತ್ತ ಕೊಯ್ಯುವ ಮಷೀನಿನವರು ಇನ್ನೂ ಬಂದಿಲ್ಲ. ಕುಬೇರಪ್ಪ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದ. ಕೊನೆಗೆ ಅವನ ಮುಖ ಅರಳಿತು.

"ಸದ್ಯಕ್ಕ ಊರಾಗ ಹೊರಗಿನವರು ಅಂದ್ರ ನಮ್ಮ ಅಳ್ಯಾರೊಬ್ರ ನೋಡ್ರಿ," ಎಂದು ಕುರ್ಚಿಯ ಕಡೆ ಕೈ ತೋರಿಸಿದ. ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ. ಬಂದ ಅಧಿಕಾರಿಗೆ ಮನೆಯ ಅಳಿಯನ ಪರಿಚಯ ಮಾಡಿಸಿದ, ಅಷ್ಟೇ. ಗ್ಯಾನಪ್ಪ ಕೂಡ ಎದ್ದು ನಿಂತು ಕೈ ಮುಗಿದ.

ಕರಿಬಸಪ್ಪನವರು ಕಟ್ಟೆ ನೋಡಿದರು, ಕುರ್ಚಿ ನೋಡಿದರು. ಇಂಜಿನಿಯರ್ ಸಾಹೇಬರು ಕೊಟ್ಟ ಹೇಳಿಕೆಯಲ್ಲಿ, ಗಲಾಟೆಯ ವೇಳೆ ಒಬ್ಬಾತ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ, ಎಲ್ಲರೂ ಅವನಿಗೆ ಬಗ್ಗಿ ಬಗ್ಗಿ ಮಾತಾಡುತ್ತಿದ್ದರು, ಅವನೇ ಮುಖಂಡನಿರಬೇಕು ಎಂದಿತ್ತು.

"ಏನ್ರಿ, ಅವತ್ತ ಆಫೀಸಿನ ಮುಂದ ಕುರ್ಚಿ ಮ್ಯಾಲ ಕುಂತಾವ್ರು ನೀವೇನು?"

"ಹೌದ್ರಿ. ನಾ ಬ್ಯಾಡ ಅಂದ್ರೂ ಕೇಳಲಿಲ್ರಿ," ಎಂದ ಗ್ಯಾನಪ್ಪ.

"ನಡೀರಿ."

ಜೀಪು ಹತ್ತುವಾಗಲೂ ಊರವರು ಮರ್ಯಾದೆ ಬಿಡಲಿಲ್ಲ. ಒಬ್ಬ ಓಡಿಹೋಗಿ ಅವನ ಚಪ್ಪಲಿ ತಂದುಕೊಟ್ಟ. ಕುಬೇರಪ್ಪ ಕಾನ್‌ಸ್ಟೆಬಲ್‌ಗೆ, "ಅಳ್ಯಾರನ್ನ ಮುಂದ ಕುಂದ್ರಸ್ರಿ, ಹಿಂದ ಧೂಳಾ ಬರ್ತೈತಿ," ಎಂದು ಹೇಳಿದ. ಜೀಪು ಕಾಲುವೆಯ ಏರಿ ಹತ್ತಿದಾಗ ಗ್ಯಾನಪ್ಪ ತಿರುಗಿ ನೋಡಿದ. ಎಲ್ಲರೂ ಕೈ ಬೀಸುತ್ತಿದ್ದರು. ಹೊರಗಿನವರು ಎಂದು ಬೆರಳು ತೋರಿಸಿದವರ ಮೇಲೆ ಸಿಟ್ಟು ಮಾಡಬೇಕೆಂದರೆ ಅವರ ಮುಖದಲ್ಲಿ ಸಿಟ್ಟು ಮಾಡುವಂಥದ್ದೇನೂ ಇರಲಿಲ್ಲ. ಅದೇ ಅವನಿಗೆ ಭಾಳ ನೋವು ಮಾಡಿತು.

ಠಾಣೆಯಲ್ಲಿ ವಿಚಾರಣೆ ಶುರುವಾಯಿತು. ಕರಿಬಸಪ್ಪನವರು ಅವನನ್ನು ಎದುರಿಗೆ ಕೂಡಿಸಿಕೊಂಡು ಮೇಲಿನವರಿಗೆ ಫೋನು ಹಚ್ಚಿದರು.

"ಸಿಕ್ಕಾನ್ರಿ ಸರ್. ಹೊರಗಿನಾಂವ. ಯಲಬುರ್ಗಾ."

ಆ ಕಡೆಯಿಂದ ಬಂದ ಮಾತು ಗ್ಯಾನಪ್ಪನಿಗೂ ಕೇಳುವಷ್ಟು ಜೋರಾಗಿತ್ತು. "ಯಲಬುರ್ಗಾ ನಮ್ಮ ಜಿಲ್ಲೇನೇ ಅಲ್ಲೇನ್ರಿ? ಮಂತ್ರಿಗಳ ಮುಂದ ಯಲಬುರ್ಗಾ ಅಂತ ಹೇಳಾಕ ಆಗ್ತದೇನು? ಇನ್ನೊಂಚೂರು ದೂರದಾಂವ ಯಾರೂ ಇಲ್ಲೇನು?"

ಕರಿಬಸಪ್ಪನವರು ಫೋನಿಟ್ಟು ನಿಟ್ಟುಸಿರು ಬಿಟ್ಟರು. "ಗ್ಯಾನಪ್ಪಾರ, ನೀವು ಯಲಬುರ್ಗಾ ಬಿಟ್ಟು ಮತ್ತೆಲ್ಲೆರ ಇದ್ರೇನು? ನೆನಪು ಮಾಡ್ಕೋರಿ."

"ಲಗ್ನಕ್ಕಿಂತ ಮೊದಲ ಗೋವಾಕ್ಕ ಹೋಗಿದ್ನಿರಿ. ರಸ್ತಾ ಕೆಲಸಕ್ಕ."

"ಗೋವಾ!" ಕರಿಬಸಪ್ಪನವರಿಗೆ ಜೀವ ಬಂದಂತಾಯಿತು. "ಛಲೋ ಆತು. ಗೋವಾದಾಗ ಸಮುದ್ರ ಐತಿ. ಸಮುದ್ರದ ಆಚಿ ಕಡೆಯಿಂದ ಬಂದವರು ಯಾರರ ನಿಮ್ಮ ಕೂಡ ಮಾತಾಡಿದ್ರೇನು?"

ಗ್ಯಾನಪ್ಪ ಪ್ರಾಮಾಣಿಕವಾಗಿ ನೆನಪು ಮಾಡಿಕೊಂಡ. "ಒಬ್ಬಾಕಿ ಮೀನು ಮಾರಾಕಿ ದಿನಾ ಮಾತಾಡಸ್ತಿದ್ಲರಿ. ನಾ ಮೀನು ತಿನ್ನಂಗಿಲ್ಲ ಅಂದ ಮ್ಯಾಲ ಬಿಟ್ಲರಿ."

ಹೀಗೆ ವಿಚಾರಣೆ ನಡೆದಿರುವಾಗ ಕಸ್ತೂರೆಮ್ಮ ಟಂಟಂ ಗಾಡಿಯಲ್ಲಿ ಬಂದು ಠಾಣೆಯ ಮುಂದೆ ಇಳಿದಳು. ಕಂಕುಳಲ್ಲಿ ಅದೇ ಪೈಪು ಇತ್ತು. ಒಳಗೆ ಬಂದವಳೇ ಮೇಜಿನ ಮೇಲೆ ಅದನ್ನು ಇಟ್ಟು, "ಸಾಹೇಬ್ರ, ಢಂ ಅನಿಸಿದಾಕಿ ನಾನು. ನನ್ನ ಗಂಡನ್ನ ಬಿಡ್ರಿ, ನನ್ನ ಹಿಡೀರಿ," ಎಂದಳು.

ಕರಿಬಸಪ್ಪನವರು ಪೈಪನ್ನು ದೂರದಿಂದಲೇ ನೋಡಿದರು. "ನಿಮ್ಮದು ಯಾವೂರಮ್ಮ?"

"ಕರಿಜಾಲಿ."

"ತವರುಮನಿ?"

"ಅದೂ ಕರಿಜಾಲಿನ."

"ಹಂಗಾದ್ರ ಆಗಂಗಿಲ್ಲ. ಕರಿಜಾಲಿಯವರು ಮುಗ್ಧರು ಅಂತ ಮಂತ್ರಿಗಳು ಹೇಳ್ಯಾರ. ಮುಗ್ಧರನ್ನ ನಾ ಹೆಂಗ ಒಳಗ ಹಾಕ್ಲಿ? ನನ್ನ ನೌಕರಿ ಏನಾಗಬೇಕು?"

"ಅಯ್ಯ, ಖರೇನ ನಾನ ಮಾಡೀನ್ರಿ!"

"ಇರಬಹುದಮ್ಮ. ಆದ್ರ ನೀವು ಮಾಡಾಕ ಬರಂಗಿಲ್ಲ."

ಅವಳಿಗೆ ಸಿಟ್ಟು ನೆತ್ತಿಗೇರಿತು. ತಾನು ಮಾಡಿದ ಕೆಲಸವನ್ನು ತಾನು ಮಾಡಿಲ್ಲ ಎಂದರೆ ಯಾವ ಹೆಣ್ಣುಮಗಳು ಸುಮ್ಮನಿರುತ್ತಾಳೆ? ಹಿಂದೆ ಮುಂದೆ ನೋಡದೆ ಪೈಪು ಎತ್ತಿಕೊಂಡು ಅಂಗಳಕ್ಕೆ ಹೋದಳು, ಬಾಟ್ಲಿಯಿಂದ ನೀರು ಬಿಟ್ಟಳು, ಒತ್ತಿದಳು. ಠಾಣೆಯ ಹಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹೋದವು. ಒಬ್ಬ ಕಾನ್‌ಸ್ಟೆಬಲ್ ಮೇಜಿನ ಕೆಳಗೆ ಸೇರಿಕೊಂಡ. ಕರಿಬಸಪ್ಪನವರು ಟೋಪಿ ಸರಿಮಾಡಿಕೊಂಡು, "ಕಿವಿ ಕಿವುಡಾತು. ಆದರೂ ನೀವಲ್ಲ," ಎಂದರು.

ಅಷ್ಟರಲ್ಲಿ ಇನ್ನೊಂದು ಟಂಟಂ ಬಂತು. ಅದರ ಹಿಂದೆ ಟ್ರ್ಯಾಕ್ಟರು. ಕುಬೇರಪ್ಪನ ಹೆಂಡತಿ ಹೊಳಿಯಮ್ಮ ಊರ ಹೆಂಗಸರನ್ನೆಲ್ಲ ಹೊರಡಿಸಿಕೊಂಡು ಬಂದಿದ್ದಳು. ಗಂಡ ಕಟ್ಟೆಯ ಮೇಲೆ ಮಾಡಿದ ಘನಕಾರ್ಯ ಅವಳಿಗೆ ಮಧ್ಯಾಹ್ನದ ಊಟಕ್ಕೆ ಮೊದಲು ತಿಳಿದಿತ್ತು, ಕುಬೇರಪ್ಪನಿಗೆ ಆವತ್ತು ಊಟ ಸಿಕ್ಕಿರಲಿಲ್ಲ.

"ಸಾಹೇಬ್ರ, ಹೊರಗಿನವರನ್ನ ಹಿಡಿಯಾಕ ಹತ್ತೀರಂತಲ್ಲ, ಬರಕೋರಿ. ನಾ ಕುಷ್ಟಗಿಯಾಕಿ. ಇಕಿ ಕಿನ್ನಾಳದಾಕಿ. ಇಕಿ ಮುನಿರಾಬಾದ. ಅಕ್ಕಾತಂಗಿ ಇಬ್ರೂ ಹೊಸಪ್ಯಾಟಿ ಕಡೇರು. ಆ ಮೂಲ್ಯಾಗ ನಿಂತಾಕಿ ರಾಯಚೂರ ಜಿಲ್ಲಾ."

"ರಾಯಚೂರ?" ಕರಿಬಸಪ್ಪನವರು ಆಸೆಯಿಂದ ಕತ್ತು ಎತ್ತಿ ನೋಡಿದರು. ಹಲ್ಲಿಲ್ಲದ ಮುದುಕಿಯೊಬ್ಬಳು ಎಲೆ ಅಡಿಕೆ ಕುಟ್ಟುತ್ತ ಅವರನ್ನೇ ನೋಡುತ್ತಿದ್ದಳು. ಅವರು ಕಣ್ಣು ಕೆಳಗೆ ಹಾಕಿದರು.

"ಊರಾಗಿನ ಹೆಣಮಕ್ಳೆಲ್ಲಾ ಹೊರಗಿನವರ ರೀ," ಹೊಳಿಯಮ್ಮ ಬಿಡಲಿಲ್ಲ. "ಲಗ್ನ ಆಗಿ ಬಂದೀವಿ, ಕಾಲುವಿ ಆಫೀಸಿಗೆ ಹೋಗೀವಿ, ಧಿಕ್ಕಾರ ಕೂಗೀವಿ. ಅಳ್ಯಾರೂ ಲಗ್ನ ಆಗೇ ಬಂದಾರ. ಅವರನ್ನ ಹಿಡಿದ್ರ ನಮ್ಮನ್ನೂ ಹಿಡೀರಿ. ಅನ್ನಂಗ, ನಿಮ್ಮದು ಯಾವೂರು?"

"ನಮ್ಮದು... ಹಾವೇರಿ."

"ಮತ್ತ ನೀವೂ ಬರ್ರಿ ನಮ್ಮ ಕೂಡ ಒಳಗ. ಜಾಗಾ ಮಾಡ್ಕೊಂಡು ಕುಂದ್ರೋಣು."

ಗ್ಯಾನಪ್ಪ ಮೂಲೆಯಲ್ಲಿ ಕುಳಿತು ಇದೆಲ್ಲ ನೋಡುತ್ತಿದ್ದ. ಹೆಂಗಸರು ತನ್ನ ಪರವಾಗಿ ಬಂದದ್ದು ಅವನಿಗೆ ಖುಷಿಯೇ. ಆದರೆ ಒಂದು ಕೊರತೆಯೂ ಕಂಡಿತು. ಅವರೆಲ್ಲ ತನ್ನನ್ನು ಬಿಡಿಸಲು ಬಂದದ್ದು ನೀನೂ ನಮ್ಮ ಹಾಗೆ ಹೊರಗಿನವನೇ ಎಂದು ಹೇಳಿ. ಇವನು ನಮ್ಮವನು ಎನ್ನುವ ಒಂದು ಬಾಯಿ ಇನ್ನೂ ಬಂದಿರಲಿಲ್ಲ. ಬರಬೇಕಾದ ಬಾಯಿ ಠಾಣೆಯ ಗೇಟಿನ ಹೊರಗೆ, ಹೆಂಡತಿಯ ಕಣ್ಣು ತಪ್ಪಿಸಿ ಟ್ರ್ಯಾಕ್ಟರಿನ ಮರೆಯಲ್ಲಿ ಬೀಡಿ ಸೇದುತ್ತ ನಿಂತಿತ್ತು.

ಕರಿಬಸಪ್ಪನವರಿಗೆ ಸಾಕುಸಾಕಾಗಿ ಹೋಗಿತ್ತು. ಕುಬೇರಪ್ಪನನ್ನು ಒಳಗೆ ಕರೆಸಿದರು.

"ಹಿರ್ಯಾರ, ನನಗೂ ಮನಿಗೆ ಹೋಗಬೇಕು. ಒಂದ ಮಾತು ಹೇಳ್ರಿ. ಈತ ನಿಮ್ಮವನೋ, ಹೊರಗಿನವನೋ? ನಿಮ್ಮವ ಅಂದ್ರ ಬಿಡ್ತೀನಿ. ಹೊರಗಿನವರು ಓಡಿ ಹೋಗ್ಯಾರ ಅಂತ ಬರೀತೀನಿ."

ಕುಬೇರಪ್ಪ ಬಾಯಿ ತೆರೆದ, ಮುಚ್ಚಿದ. ಒಂದು ಮಾತೇ ಆದರೂ ಅದು ಸಣ್ಣ ಮಾತಲ್ಲ. ನಮ್ಮವ ಎಂದರೆ ಕಟ್ಟೆಯ ಮೇಲೆ ಜಾಗ ಕೊಡಬೇಕು, ಊರ ಮಾತಿಗೆ ಕರೆಯಬೇಕು, ಅವನ ಎದುರಿಗೆ ಒಳಗಿನ ಮಾತು ಆಡಬೇಕು. ಇಪ್ಪತ್ತೈದು ವರ್ಷ ಕುರ್ಚಿ ಕೊಟ್ಟು ದೂರ ಇಟ್ಟದ್ದು ಸುಮ್ಮನೆ ಏನು? ಅವನು ತಲೆ ಕೆರೆದುಕೊಂಡ. ಹೊಳಿಯಮ್ಮ ಕೆಮ್ಮಿದಳು. ಆ ಕೆಮ್ಮಿನಲ್ಲಿ ರಾತ್ರಿಯ ಊಟದ ವಿಷಯವೂ ಸೇರಿತ್ತು.

"ಅಳ್ಯಾರು ನಮ್ಮವರ ರೀ," ಎಂದ ಕುಬೇರಪ್ಪ.

"ಇದರಾಗ ಬಿಗಿ ಇಲ್ಲ," ಎಂದರು ಕರಿಬಸಪ್ಪ. "ಅಳ್ಯಾರು ಅಂತೀರಿ, ನಮ್ಮವರು ಅಂತೀರಿ. ನಮ್ಮ ಹುಡುಗರನ್ನ ನಾವು ಹಿಂಗ ಕರಿತೀವೇನು?"

ಜೈಲಿನ ಹೆದರಿಕೆ ಆಗ ಗ್ಯಾನಪ್ಪನಿಗೆ ಇರಲೇ ಇಲ್ಲ. ಕುಬೇರಪ್ಪನ ಬಾಯನ್ನೇ ನೋಡುತ್ತಿದ್ದ. ಕುಬೇರಪ್ಪ ಮುಖ ಕೆಂಪು ಮಾಡಿಕೊಂಡು, ಮೊದಲ ಸಲ ಸೈಕಲ್ ಹತ್ತುವವನ ಹಾಗೆ ಒಮ್ಮೆ ಹಿಂಜರಿದು, ಕಡೆಗೆ ಒಂದೇ ಏಟಿಗೆ ಹೇಳಿಬಿಟ್ಟ.

"ಏ ಗ್ಯಾನ್ಯಾ! ಏನ ಹಲ್ಲು ಕಿಸ್ಕೊಂಡು ಕುಂತೀಯಲೇ ಮಗನ? ಏಳು, ನಡಿ ಮನಿಗೆ! ಹೊಲಕ್ಕ ನಿಮ್ಮಪ್ಪ ಹೋಗ್ತಾನೇನು?"

ಗ್ಯಾನಪ್ಪ ಗೊಳೋ ಎಂದು ಅತ್ತುಬಿಟ್ಟ. ಕಾನ್‌ಸ್ಟೆಬಲ್‌ಗಳು ಯಾರಾದರೂ ಹೊಡೆದರೇನೋ ಎಂದು ಮುಖ ಮುಖ ನೋಡಿಕೊಂಡರು. ಕಸ್ತೂರೆಮ್ಮ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಪ್ಪತ್ತೈದು ವರ್ಷ ಈ ಗಂಡಸು ಯಾವುದಕ್ಕೆ ಕಾದಿದ್ದ ಎನ್ನುವುದು ಅವಳಿಗೆ ಗೊತ್ತಿತ್ತು.

ಮರುದಿನ ಮಂತ್ರಿಗಳು ಮತ್ತೆ ಟಿವಿಯಲ್ಲಿ ಬಂದರು. ಪೊಲೀಸರ ಚುರುಕಿನ ಕಾರ್ಯಾಚರಣೆಯಿಂದ ಹೊರಗಿನ ಶಕ್ತಿಗಳು ಜಿಲ್ಲೆ ಬಿಟ್ಟು ಓಡಿವೆ ಎಂದರು. ಯಾವ ದಿಕ್ಕಿಗೆ ಓಡಿದವು ಎಂದು ಯಾರೂ ಕೇಳಲಿಲ್ಲ. ನೀರಿನ ಮಾತನ್ನಂತೂ ಯಾರೂ ಎತ್ತಲಿಲ್ಲ.

ಅದೇ ಸಂಜೆ ಗ್ಯಾನಪ್ಪ ಕಟ್ಟೆಯ ಮೇಲೆ ಕುಳಿತ. ಕಲ್ಲು ಬಿಸಿಲಿಗೆ ಕಾದು ಕೆಂಡವಾಗಿತ್ತು, ಕಾಲು ಇಳಿಬಿಟ್ಟರೆ ತೊಡೆಗೆ ಒತ್ತುತ್ತಿತ್ತು, ಎಡಕ್ಕೆ ಕುಳಿತವನ ಬೀಡಿ ಹೊಗೆ ಮುಖಕ್ಕೇ ಬರುತ್ತಿತ್ತು. ಅವನಿಗೆ ಸ್ವರ್ಗ ಸಿಕ್ಕಂತಿತ್ತು. "ಸರಿಲೇ ಗ್ಯಾನ್ಯಾ, ಎಷ್ಟ ಅಗಲ ಕುಂದರತೀ?" ಎಂದು ಯಾರೋ ಪಕ್ಕೆಗೆ ತಿವಿದರು. ಅವನು ಸರಿದು ಕುಳಿತು, ಇನ್ನೊಮ್ಮೆ ತಿವಿಯಲಿ ಎಂದು ಮತ್ತೆ ಅಗಲವಾದ.

ಮಳೆಯ ಸುದ್ದಿ ಬರಲಿಲ್ಲ. ಆರಾಮವೇ ಎಂದು ಯಾರೂ ಕೇಳಲಿಲ್ಲ. ಕುಬೇರಪ್ಪ ಹತ್ತಿರ ಸರಿದು ದನಿ ಇಳಿಸಿದ.

"ನಾಳೆ ಮುಂಜಾನೆ ಮುನಿರಾಬಾದಿನಿಂದ ದೊಡ್ಡ ಇಂಜಿನಿಯರ್ ಬರಾಕತ್ತಾರ. ಕಾಲುವಿ ತುಂಬ ನಡದು ನೋಡ್ತಾರಂತ. ಅಷ್ಟರಾಗ ನಮ್ಮ ಪೈಪು ಮುಚ್ಚಬೇಕು. ಗ್ಯಾನ್ಯಾ, ನೀನೂ ಸಲಿಕಿ ತೊಗೊಂಡು ಬಾ."

"ಯಾವ ಪೈಪು ಮಾವಾರ?"

ಎಲ್ಲರೂ ನಕ್ಕರು. ಒಳಗಿನವನಾಗಿ ಎರಡು ದಿನವೂ ಆಗಿಲ್ಲ, ಪಾಪ, ಇವನಿಗೇನು ಗೊತ್ತು ಎನ್ನುವ ನಗು. ಕುಬೇರಪ್ಪನೇ ಬಿಡಿಸಿ ಹೇಳಿದ. ಕಾಲುವೆ ಊರ ಸೀಮೆಗೆ ಬರುವ ಕಡೆ, ಏರಿಯ ಅಡಿಯಲ್ಲಿ, ಮಣ್ಣೊಳಗೆ ತೊಡೆ ಗಾತ್ರದ ಪೈಪುಗಳಿವೆ. ಒಂದು ಕುಬೇರಪ್ಪನದು, ಉಳಿದವು ಕಟ್ಟೆಯ ಮೇಲಿನವರವು. ಬಂದ ನೀರನ್ನೆಲ್ಲ ಅವೇ ಕುಡಿಯುತ್ತಿದ್ದವು. ಕೊನೆಯ ಹೊಲಗಳಿಗೆ ಹನಿ ಇಳಿಯುತ್ತಿರಲಿಲ್ಲ. ಕೊನೆಯ ಹೊಲ ಕಸ್ತೂರೆಮ್ಮನದು.

ಗ್ಯಾನಪ್ಪನಿಗೆ ಕಟ್ಟೆಯ ಕಲ್ಲು ಈಗ ನಿಜವಾಗಿ ಸುಟ್ಟಿತು. ಅವನ ಭತ್ತ ಒಣಗಿದ್ದು ಇದರಿಂದ. ಹೆಂಡತಿ ಬಿಸಿಲಲ್ಲಿ ನಿಂತು ಬಾಯಿ ಬಡಿದುಕೊಂಡದ್ದು ಇದರಿಂದ. ಊರೆಲ್ಲ ಕಾಲುವೆ ಆಫೀಸಿನ ಮುಂದೆ ಕೂಗಿದಾಗ ಎಲ್ಲರಿಗಿಂತ ಜೋರಾಗಿ ಕೂಗಿದವರು ಈ ಪೈಪಿನವರೇ. ಆದರೂ ಆ ರಾತ್ರಿ ಅವನು ಸಲಿಕೆ ತಂದ. ಅಂದು ಯಾರೂ ಅವನ ಕೈಯಿಂದ ಸಲಿಕೆ ಕಸಿದುಕೊಳ್ಳಲಿಲ್ಲ.

ಬೆಳಿಗ್ಗೆ ಬಂದ ದೊಡ್ಡ ಇಂಜಿನಿಯರ್ ಕೈಯಲ್ಲಿ ಕಬ್ಬಿಣದ ಸಲಾಕೆ ಹಿಡಿದು ನಡೆಯುವ ಜಾತಿಯವರು. ಹಸಿ ಮಣ್ಣು ಕಂಡಲ್ಲಿ ಚುಚ್ಚಿದರು, ಠಣ್ ಎಂದಿತು. ಆಳು ಹಚ್ಚಿ ಅಗೆಸಿದರು. ಪೈಪಿನ ಬಾಯಿ ಕುಬೇರಪ್ಪನ ಹೊಲದ ಕಡೆಗೇ ತೆರೆದುಕೊಂಡಿತ್ತು. ಹೊಲ ಹಚ್ಚಗೆ ತೊನೆಯುತ್ತಿತ್ತು.

"ಯಾರು ಹಾಕಿದ್ದು ಇದು?"

"ನಮಗೇನು ಗೊತ್ತರಿ," ಎಂದ ಕುಬೇರಪ್ಪ. "ಯಾರೋ ಹೊರಗಿನವರು ಹಾಕಿರಬೇಕು."

"ಹೊರಗಿನವರು ಬಂದು ನಿಮ್ಮ ಹೊಲಕ್ಕ ನೀರು ಹಾಯಿಸಿ ಹೋದ್ರಾ?"

ಇಂಜಿನಿಯರ್ ಒಬ್ಬೊಬ್ಬರ ಮುಖ ನೋಡುತ್ತ ಬಂದು ಗ್ಯಾನಪ್ಪನ ಮುಂದೆ ನಿಂತರು. ಸುಳ್ಳು ಹೇಳಲು ಬಾರದ ಮುಖ ಅದು, ಯಾರಿಗಾದರೂ ತಿಳಿಯುವಂಥದ್ದು. "ನೀವು ಹೇಳ್ರಿ. ಯಾರು ಹಾಕಿದ್ದು?"

ಗ್ಯಾನಪ್ಪ ಒಮ್ಮೆ ದೂರ ನೋಡಿದ. ಕೊನೆಗೆ ಅವನದೇ ಹೊಲ, ಹಳದಿ ತಿರುಗಿ ನಿಂತಿತ್ತು. ಬದುವಿನ ಮೇಲೆ ಕಸ್ತೂರೆಮ್ಮ ಸೊಂಟದ ಮೇಲೆ ಕೈಯಿಟ್ಟು ಈ ಕಡೆಯೇ ನೋಡುತ್ತಿದ್ದಳು. ಒಂದು ಮಾತು, ಒಂದೇ ಮಾತು ಹೇಳಿದ್ದರೆ ಉಳಿದ ಪೈಪುಗಳೂ ಹೊರಬಿದ್ದು ಸಂಜೆಯೊಳಗೆ ಆ ಹೊಲಕ್ಕೆ ನೀರು ಇಳಿಯುತ್ತಿತ್ತು. ಆದರೆ ಹೆಗಲ ಮೇಲೆ ಕುಬೇರಪ್ಪನ ಕೈ ಇತ್ತು. ಇಪ್ಪತ್ತೈದು ವರ್ಷದಲ್ಲಿ ಆ ಊರಿನ ಒಬ್ಬ ಗಂಡಸು ಅವನ ಹೆಗಲ ಮೇಲೆ ಕೈ ಹಾಕಿದ್ದು ಅದೇ ಮೊದಲು. ಆ ಕೈ ಬೆಚ್ಚಗಿತ್ತು.

"ಹೊರಗಿನವರ ರೀ ಸಾಹೇಬ್ರ," ಎಂದ ಗ್ಯಾನಪ್ಪ. "ಯಾರೋ ಬಂದಿದ್ರು. ಹಾಕಿ ಓಡಿ ಹೋಗ್ಯಾರ."

"ಭಲೇ ಮಗನ!" ಎಂದು ಕುಬೇರಪ್ಪ ಪಿಸುಗುಟ್ಟಿ ಹೆಗಲು ತಟ್ಟಿದ. ಇಂಜಿನಿಯರ್ ತಲೆ ಅಲ್ಲಾಡಿಸಿ ಜೀಪು ಹತ್ತಿದರು. ಊರಿಗೆ ಊರೇ ಒಂದು ಮಾತು ಹೇಳಿದ ಮೇಲೆ ಅವರಾದರೂ ಏನು ಬರೆಯಬೇಕು?

ಮಧ್ಯಾಹ್ನ ಮನೆಗೆ ಬಂದಾಗ ಕಸ್ತೂರೆಮ್ಮ ತಾಟು ಹಾಕಿ ನೀರಿಟ್ಟಳು. ಅವನ ಮುಖ ನೋಡದೆ ಬಡಿಸಿದಳು. ಬದುವಿನ ಮೇಲಿಂದ ಮಾತು ಕೇಳಿಸಿರಲಿಕ್ಕಿಲ್ಲ ಎಂದು ಅವನು ಅಂದುಕೊಂಡಿದ್ದ. ಆದರೆ ಅಂಥ ಮಾತು ಆ ಊರಿನಲ್ಲಿ ಗಂಡಸಿಗಿಂತ ಮೊದಲು ಮನೆ ಮುಟ್ಟುತ್ತದೆ.

"ಉಣ್ರಿ," ಎಂದಳು. "ನಿಮ್ಮನ್ನ ನಮ್ಮವ ಅಂದ್ರಂತ ಠಾಣೇದಾಗ ನಾ ಅತ್ತಿದ್ದು ದಂಡಾತು. ಇವತ್ತ ಪಕ್ಕಾ ನಮ್ಮೂರಾಂವ ಆದ್ರಿ ನೋಡ್ರಿ."

ಗ್ಯಾನಪ್ಪ ತುತ್ತು ಕಲಸಿದ. ಅದನ್ನು ಬಾಯಿಯವರೆಗೆ ತಂದು ಮತ್ತೆ ತಾಟಿನಲ್ಲೇ ಇಟ್ಟ. ಕಸ್ತೂರೆಮ್ಮ ಒಳಗೆ ಹೋಗಿ ತನ್ನ ತಾಟು ಹಾಕಿಕೊಂಡಳು.